ಹಳೆಯ ಯಂತ್ರಕ್ಕೆ ಹೊಸ ಬೆಲ್ಟು: ಹುಡುಕುವ ಬಗೆ



ಕೊಯ್ಲಿನ ಕಾಲದಲ್ಲಿ ತೋಟದ ಯಂತ್ರ ನಿಂತರೆ ಕಷ್ಟವೇನೆಂದು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಹಣ್ಣು ಕುಯ್ದ ದಿನವೇ ಪಲ್ಪರಿಗೆ ಬೀಳಬೇಕು. ಹಸಿ ಅಡಿಕೆಯನ್ನೂ ಗೊನೆ ಇಳಿಸಿದ ಮೇಲೆ ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಒಣಗಿ ಬಿಗಿದರೆ ಸುಲಿಯುವುದೂ ಕಷ್ಟ, ಬಣ್ಣವೂ ಕೆಡುತ್ತದೆ. ಎಂಜಿನ್ ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ, ಮೋಟಾರು ಸುಟ್ಟರೆ ವೈಂಡಿಂಗ್ ಮಾಡಿಸಬಹುದು. ಆದರೆ ಎಷ್ಟೋ ಸಲ ನಮ್ಮನ್ನು ನಿಲ್ಲಿಸುವುದು ಇವೆರಡೂ ಅಲ್ಲ, ನಡುವೆ ತಿರುಗುವ ಬೆಲ್ಟು. ಎಲ್ಲಕ್ಕಿಂತ ಅಗ್ಗದ ಸಾಮಾನು ಅದೇ, ಬೇಕಾದ ಹೊತ್ತಿಗೆ ಸಿಕ್ಕದಿರುವುದೂ ಅದೇ.

ಅದರಲ್ಲೂ ನಮ್ಮಲ್ಲಿ ಬಹುಮಂದಿಯ ಬಳಿ ಇರುವುದು ಹಳೆಯ ಯಂತ್ರಗಳು. ಅಜ್ಜನ ಕಾಲದ ಡಿಸ್ಕ್ ಪಲ್ಪರು, ದೊಡ್ಡ ಎಸ್ಟೇಟಿನವರು ಮಾರಿದಾಗ ಕೊಂಡ ಹಲ್ಲರು, ನಿಧಾನಕ್ಕೆ ಓಡುವ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್, ಎರಡನೆಯ ಕೈಗೆ ಬಂದ ಪವರ್ ಟಿಲ್ಲರ್. ಕೆಲವನ್ನು ಮಾಡಿದ ಕಂಪೆನಿಗಳು ಮುಚ್ಚಿಹೋಗಿವೆ. ಕೆಲವುಗಳ ಮೇಲಿನ ತಗಡಿನ ಫಲಕ ತುಕ್ಕು ಹಿಡಿದು ಅಕ್ಷರ ಅಳಿಸಿದೆ. “ಇದಕ್ಕೆ ಬೆಲ್ಟು ಈಗ ಎಲ್ಲಿ ಸಿಕ್ಕುತ್ತದೆ?” ಎಂದು ಕೈಚೆಲ್ಲಿ ಯಂತ್ರವನ್ನೇ ಗುಜರಿಗೆ ಹಾಕಿದವರೂ ಇದ್ದಾರೆ.

ಅಷ್ಟು ಅವಸರಪಡಬೇಕಾಗಿಲ್ಲ ಎಂದು ಹೇಳಲು ಈ ಲೇಖನ.

ನಾವು ಎಡವಿದ ಬಗೆ

ಕೆಲವು ವರ್ಷಗಳ ಹಿಂದಿನ ಮಾತು. ಜನವರಿ ತಿಂಗಳು, ರೊಬಸ್ಟಾ ಕುಯ್ಲು ಜೋರಾಗಿತ್ತು. ಬೆಳಿಗ್ಗೆ ಪಲ್ಪರು ಶುರು ಮಾಡಿದ ಸ್ವಲ್ಪ ಹೊತ್ತಿನಲ್ಲೇ ಪಟಾರೆಂದು ಶಬ್ದವಾಯಿತು. ಜೋಡಿ ಬೆಲ್ಟಿನಲ್ಲಿ ಒಂದು ಹರಿದು ಮೂಲೆಗೆ ಬಿದ್ದಿತ್ತು. ಅದರ ಮೇಲಿನ ಅಕ್ಷರಗಳಲ್ಲಿ “ಬಿ” ಎಂಬುದೊಂದು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ನಾವು ತುಂಡನ್ನು ಅಂಗಳದಲ್ಲಿ ನೇರವಾಗಿ ಹಾಸಿ ಟೇಪು ಹಿಡಿದೆವು. 77 ಇಂಚಿಗೆ ಒಂದಿಷ್ಟೇ ಕಡಿಮೆ. ಬಸ್ಸು ಹಿಡಿದು ಪೇಟೆಗೆ ಹೋದೆವು.

“ಯಾವ ನಂಬರು ಸ್ವಾಮಿ?” ಎಂದು ಅಂಗಡಿಯವರು ಕೇಳಿದರು. “ಬಿ 77” ಎಂದೆವು. ಇತ್ತು, ಕೊಟ್ಟರು. ಒಂದನ್ನೇ ಕೊಂಡೆವು. ಇನ್ನೊಂದು ಚೆನ್ನಾಗಿಯೇ ಇದೆಯಲ್ಲ, ಸುಮ್ಮನೆ ಖರ್ಚೇಕೆ ಎಂಬ ಲೆಕ್ಕಾಚಾರ.

ಮನೆಗೆ ಬಂದು ಹಾಕಿದಾಗ ಹೊಸ ಬೆಲ್ಟು ಜೋತುಬಿತ್ತು. ಮೋಟಾರನ್ನು ಅದರ ಹಳಿಯ ಕೊನೆಯವರೆಗೆ ಹಿಂದಕ್ಕೆ ಎಳೆದರೂ ಬಿಗಿಯಾಗಲಿಲ್ಲ. ಆಗುವುದಾಗಲಿ ಎಂದು ಹಣ್ಣು ಬಿಟ್ಟೆವು. ಭಾರವೆಲ್ಲ ಹಳೆಯ ಬೆಲ್ಟಿನ ಮೇಲೆ ಬಿತ್ತು. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಅದೂ ಸುಟ್ಟ ವಾಸನೆ ಬಂದು ಹೋಯಿತು. ರಾಶಿಯಲ್ಲಿ ಉಳಿದ ಹಣ್ಣು ಬೆಳಗಾಗುವುದರೊಳಗೆ ಬಿಸಿಯೇರಿ ಹುಳಿ ವಾಸನೆ ಬರತೊಡಗಿತ್ತು. ಪಾರ್ಚ್‌ಮೆಂಟ್ ಆಗಬೇಕಾಗಿದ್ದ ಹಣ್ಣನ್ನು ಕಣದಲ್ಲಿ ತೆಳ್ಳಗೆ ಹರಡಿ ಚೆರ್ರಿ ಮಾಡಬೇಕಾಯಿತು. ಆ ಒಂದು ದಿನದ ನಷ್ಟದಲ್ಲಿ ಹತ್ತು ವರ್ಷಕ್ಕಾಗುವಷ್ಟು ಬೆಲ್ಟು ಬರುತ್ತಿತ್ತು.

ಮರುದಿನ ಬಂದ ಹಳೆಯ ಫಿಟ್ಟರ್ ಒಬ್ಬರು ಎಲ್ಲವನ್ನೂ ಕೇಳಿ ನಕ್ಕರು. “ಅಳತೆ ಸರಿಯಾಗೇ ಇದೆ ಸ್ವಾಮಿ. ಆದ್ರೆ ಅದನ್ನೇ ನಂಬರು ಅಂತ ಹೇಳಿದ್ರಲ್ಲ, ಅಲ್ಲೇ ತಪ್ಪಿದ್ದು. ನಿಮ್ಮದು 75ರ ಬೆಲ್ಟು” ಎಂದರು. 75ರ ಜೋಡಿ ತಂದು ಹಾಕಿದೆವು. ಯಂತ್ರ ಮೊದಲಿನಂತೆ ಓಡಿತು. ಅಂದು ಅವರು ನೆಲದಲ್ಲಿ ಗೀಚಿ ತೋರಿಸಿದ ಲೆಕ್ಕವನ್ನೂ, ಆಮೇಲೆ ನಾವು ಕಲಿತದ್ದನ್ನೂ ಕೆಳಗೆ ಕೊಟ್ಟಿದ್ದೇವೆ.

ಬೆಲ್ಟು ಯಂತ್ರದ ಕಂಪೆನಿಯದಲ್ಲ

ಮೊದಲು ತಿಳಿಯಬೇಕಾದ ವಿಷಯ ಇದು. ಪಲ್ಪರು ಲಂಡನ್ನಿನ ಜಾನ್ ಗಾರ್ಡನ್ ಆಗಿರಲಿ, ಅಬರ್ಡೀನಿನ ಮೆಕಿನನ್ ಆಗಿರಲಿ, ಊರಿನ ವರ್ಕ್‌ಶಾಪಿನಲ್ಲಿ ಎರಕ ಹೊಯ್ದದ್ದಾಗಿರಲಿ, ಅದನ್ನು ತಿರುಗಿಸುವ ಬೆಲ್ಟು ಸಾಮಾನ್ಯವಾಗಿ ಎಲ್ಲರೂ ಒಪ್ಪಿದ ಅಳತೆಯ ಬೆಲ್ಟು. ಆದುದರಿಂದ ಯಂತ್ರದ ಹೆಸರು ಹೇಳಿ ಬೆಲ್ಟು ಕೇಳಿದರೆ ಅಂಗಡಿಯವರು ತಲೆಯಾಡಿಸುತ್ತಾರೆ. ಅಳತೆ ಹೇಳಿ ಕೇಳಿದರೆ ಕಪಾಟಿನಿಂದ ತೆಗೆದುಕೊಡುತ್ತಾರೆ.

ಇದಕ್ಕೆ ಒಂದು ಹಿನ್ನೆಲೆಯಿದೆ. ಹಿಂದೆ ನೀರಿನ ಚಕ್ರ, ಉಗಿಯಂತ್ರಗಳ ಕಾಲದಲ್ಲಿ ಎಲ್ಲೆಲ್ಲೂ ಚಪ್ಪಟೆ ಬೆಲ್ಟೇ ಇತ್ತು. ಚರ್ಮದ್ದು, ಕ್ಯಾನ್ವಾಸಿನದು, ಒಂಟೆಯ ಕೂದಲಿನದು. ಬದಿ ಓರೆಯಾದ ರಬ್ಬರಿನ ವಿ-ಬೆಲ್ಟನ್ನು ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ಮೋಟಾರುಗಾಡಿಗಳಿಗಾಗಿ ರೂಪಿಸಿದರು. 1925ರಲ್ಲಿ ಅದೇ ದೇಶದ ಆಲಿಸ್-ಚಾಮರ್ಸ್ ಕಂಪೆನಿ ಹಲವು ವಿ-ಬೆಲ್ಟುಗಳನ್ನು ಪಕ್ಕಪಕ್ಕದಲ್ಲಿ ಓಡಿಸಿ ದೊಡ್ಡ ಯಂತ್ರಗಳಿಗೂ ಅಳವಡಿಸಿತು. ಮುಂದೆ ಇವುಗಳ ಅಗಲ, ದಪ್ಪಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು ಬಂತು. ಆ ಅಳತೆಗಳು ಈಗಲೂ ಹಾಗೆಯೇ ಇವೆ. ನಮ್ಮ ದೇಶದಲ್ಲಿ ಇವಕ್ಕೆ ಐಎಸ್ 2494 ಎಂಬ ಭಾರತೀಯ ಮಾನಕವಿದೆ. ಅಂದರೆ ಯಂತ್ರಕ್ಕೆ ಅರವತ್ತು ವರ್ಷವಾಗಿದ್ದರೂ ಬೆಲ್ಟು ಹೊಸದಾಗಿಯೇ ತಯಾರಾಗುತ್ತಿದೆ.

ವಿ-ಬೆಲ್ಟಿನ ಅಗಲ, ದಪ್ಪ

ಬೆಲ್ಟಿನ ಮೇಲ್ಮೈಯ ಅಗಲವನ್ನೂ, ಮೇಲಿನಿಂದ ತಳಕ್ಕೆ ದಪ್ಪವನ್ನೂ ಅಳೆಯಿರಿ.

ಎ – ಅಗಲ 13 ಮಿ.ಮೀ., ದಪ್ಪ 8 ಮಿ.ಮೀ.
ಬಿ – ಅಗಲ 17 ಮಿ.ಮೀ., ದಪ್ಪ 11 ಮಿ.ಮೀ.
ಸಿ – ಅಗಲ 22 ಮಿ.ಮೀ., ದಪ್ಪ 14 ಮಿ.ಮೀ.
ಡಿ – ಅಗಲ 32 ಮಿ.ಮೀ., ದಪ್ಪ 19 ಮಿ.ಮೀ.

ಸಣ್ಣ ಮೋಟಾರಿನ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಎ ಮತ್ತು ಬಿ. ಭಾರಿ ಹಲ್ಲರು, ಕಲ್ಲು ಒಡೆಯುವ ಕ್ರಷರುಗಳಂಥವುಗಳಲ್ಲಿ ಸಿ, ಡಿ ಬರುತ್ತವೆ. ಹಳೆಯ ಬೆಲ್ಟಿನ ಬದಿ ಸವೆದು ಅಗಲ ಒಂದೆರಡು ಮಿ.ಮೀ. ಕಡಿಮೆ ತೋರಬಹುದು, ಆದ್ದರಿಂದ ಕಡಿಮೆ ಸವೆದ ಜಾಗದಲ್ಲಿ ಅಳೆಯಬೇಕು. 15 ಮಿ.ಮೀ. ಬಂದರೆ ಅದು ಸವೆದ ಬಿ ಎಂದೇ ತಿಳಿಯಿರಿ.

ಈಗ ಎಸ್‌ಪಿಎ, ಎಸ್‌ಪಿಬಿ ಎಂಬ ಬೆಲ್ಟುಗಳೂ ಇವೆ. ಎಸ್‌ಪಿಬಿಯ ಅಗಲ ಹೆಚ್ಚುಕಡಿಮೆ ಬಿಯಷ್ಟೇ, ಆದರೆ ದಪ್ಪ 13 ಮಿ.ಮೀ. ಇವುಗಳ ಮೇಲಿನ ಸಂಖ್ಯೆ ಇಂಚಿನದಲ್ಲ, ಮಿಲಿಮೀಟರಿನದು. ಹಳೆಯ ಬಿ ಪುಲ್ಲಿಗೆ ಬಿ ಬೆಲ್ಟನ್ನೇ ಕೇಳಿ. “ಅಗಲ ಒಂದೇ, ನಡೆಯುತ್ತದೆ” ಎಂಬ ಮಾತನ್ನು ನಂಬಿ ತರಬೇಡಿ.

ಉದ್ದದ ನಂಬರು: ಒಳಗಿನ ಸುತ್ತಳತೆ

ನಾವು ಎಡವಿದ್ದು ಇಲ್ಲಿ. ಬಿ 75 ಎಂದರೆ ಬೆಲ್ಟಿನ ಒಳಮೈಯ ಸುತ್ತಳತೆ 75 ಇಂಚು. ಹೊರಮೈಯ ಅಳತೆಯಲ್ಲ, ಹರಿದು ನೇರ ಮಾಡಿದ ತುಂಡಿನ ಉದ್ದವೂ ಅಲ್ಲ.

ಹೊರಮೈಯ ಸುತ್ತಳತೆಯನ್ನು ಅಳೆದಿದ್ದರೆ ಅದರಿಂದ ಇಷ್ಟು ಕಳೆಯಬೇಕು: ಎ ಬೆಲ್ಟಿಗೆ 2 ಇಂಚು, ಬಿಗೆ 2¾ ಇಂಚು, ಸಿಗೆ 3½ ಇಂಚು, ಡಿಗೆ 4¾ ಇಂಚು. ಉಳಿದದ್ದು ನಂಬರು.

ಹರಿದ ತುಂಡನ್ನು ನೇರ ಹಾಸಿ ಅಳೆದರೆ ಲೆಕ್ಕ ಬೇರೆ. ಬೆಲ್ಟಿನ ಮೈಯೊಳಗೆ ಭಾರ ಹೊರುವ ದಾರದ ಎಳೆಗಳಿರುತ್ತವೆ. ಬಾಗಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ಈ ದಾರದ ಉದ್ದ ಮಾತ್ರ ಬದಲಾಗುವುದಿಲ್ಲ. ನೇರ ಮಾಡಿದ ತುಂಡು ತೋರಿಸುವುದು ಈ ದಾರದ ಉದ್ದವನ್ನು. ಅದು ಒಳ ಅಳತೆಗಿಂತ ಎ ಬೆಲ್ಟಿನಲ್ಲಿ 36 ಮಿ.ಮೀ., ಬಿಯಲ್ಲಿ 43, ಸಿಯಲ್ಲಿ 56, ಡಿಯಲ್ಲಿ 79 ಮಿ.ಮೀ. ಹೆಚ್ಚು. ನಮ್ಮ ಬೆಲ್ಟಿನ ಲೆಕ್ಕವನ್ನೇ ನೋಡಿ. 75 ಇಂಚು ಅಂದರೆ 1905 ಮಿ.ಮೀ.; ಅದಕ್ಕೆ 43 ಸೇರಿಸಿದರೆ 1948. ಇಂಚಿನಲ್ಲಿ ಹೇಳಿದರೆ 76¾ಕ್ಕೆ ಹತ್ತಿರ. ಅದರ ಮೇಲೆ ವರ್ಷಗಟ್ಟಲೆ ಎಳೆದಾಡಿದ ಬೆಲ್ಟು ಸ್ವಲ್ಪ ಉದ್ದವಾಗಿಯೂ ಇರುತ್ತದೆ. 77 ಎಂದು ನಾವು ಕೇಳಿದ್ದು ಹೀಗೆ.

ಇನ್ನೊಂದು ವಿಷಯ. ಕೆಲವು ಬೆಲ್ಟುಗಳ ಮೇಲೆ “ಬಿ 75” ಎಂದಿರುತ್ತದೆ, ಕೆಲವುಗಳ ಮೇಲೆ “1948” ಎಂದೂ ಇರುತ್ತದೆ. ಎರಡೂ ಒಂದೇ ಬೆಲ್ಟು. ಒಂದು ಒಳ ಅಳತೆ ಇಂಚಿನಲ್ಲಿ, ಇನ್ನೊಂದು ದಾರದ ಉದ್ದ ಮಿಲಿಮೀಟರಿನಲ್ಲಿ. ಹೊರದೇಶದಿಂದ ಬಂದ ಸಣ್ಣ ಯಂತ್ರಗಳಲ್ಲಿ “4ಎಲ್ 440” ಎಂಬಂತೆ ಗುರುತು ಇದ್ದರೆ ಅದು ಅಮೆರಿಕದ ಪದ್ಧತಿ. ಅಲ್ಲಿ ಹೊರ ಅಳತೆ ಲೆಕ್ಕ, ಕೊನೆಯ ಅಂಕಿ ಇಂಚಿನ ಹತ್ತನೆಯ ಭಾಗ. 440 ಅಂದರೆ ಹೊರಗೆ 44 ಇಂಚು. ನಮ್ಮ ಎ 42ರ ಅಳತೆಗೆ ಇದು ಸರಿಹೊಂದುತ್ತದೆ.

ಬೆಲ್ಟೇ ಇಲ್ಲದಿದ್ದರೆ

ಗುಜರಿಯಿಂದ ತಂದ ಯಂತ್ರದಲ್ಲಿ ಬೆಲ್ಟೇ ಇರುವುದಿಲ್ಲ. ಆಗ ಪುಲ್ಲಿಗಳೇ ಅಳತೆ ಹೇಳುತ್ತವೆ. ಮೋಟಾರನ್ನು ಹಳಿಯ ಮೇಲೆ ನಡುಭಾಗಕ್ಕಿಂತ ತುಸು ಒಳಗೆ, ಯಂತ್ರದ ಕಡೆಗೆ ಸರಿಸಿ ನಿಲ್ಲಿಸಿ. ಹಿಗ್ಗದಂಥ ದಾರವನ್ನು ಎರಡೂ ಪುಲ್ಲಿಗಳ ಹೊರ ಅಂಚಿನ ಮೇಲೆ ಸುತ್ತಿ, ಬಿಗಿಯಾಗಿ ಹಿಡಿದು ಗುರುತು ಮಾಡಿ ಅಳೆಯಿರಿ. ಸರಿಯಾದ ಬೆಲ್ಟಿನ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿ ಕೂರುವುದರಿಂದ ಈ ಅಳತೆ ಬೆಲ್ಟಿನ ಹೊರ ಅಳತೆ. ಮೇಲೆ ಹೇಳಿದಂತೆ 2, 2¾ ಅಥವಾ 3½ ಇಂಚು ಕಳೆದರೆ ನಂಬರು ಸಿಕ್ಕಿತು.

ದಾರ ಸುತ್ತಲು ಆಗದಿದ್ದರೆ ಲೆಕ್ಕ ಹಾಕಬಹುದು. ಎರಡು ಪುಲ್ಲಿಗಳ ಮಧ್ಯಬಿಂದುಗಳ ನಡುವಿನ ದೂರವನ್ನು ಎರಡರಿಂದ ಗುಣಿಸಿ. ಎರಡು ಪುಲ್ಲಿಗಳ ವ್ಯಾಸವನ್ನು ಕೂಡಿಸಿ 1.57ರಿಂದ ಗುಣಿಸಿ. ವ್ಯಾಸಗಳ ವ್ಯತ್ಯಾಸವನ್ನು ಅದರಿಂದಲೇ ಗುಣಿಸಿ, ದೂರದ ನಾಲ್ಕರಷ್ಟರಿಂದ ಭಾಗಿಸಿ. ಮೂರನ್ನೂ ಕೂಡಿಸಿ. ಉದಾಹರಣೆಗೆ ದೊಡ್ಡ ಪುಲ್ಲಿ 20 ಇಂಚು, ಸಣ್ಣದು 5 ಇಂಚು, ನಡುವಿನ ದೂರ 30 ಇಂಚು. ಮೊದಲನೆಯದು 60, ಎರಡನೆಯದು 39¼, ಮೂರನೆಯದು 225ನ್ನು 120ರಿಂದ ಭಾಗಿಸಿದರೆ ಸುಮಾರು 1.9. ಒಟ್ಟು 101 ಇಂಚಿಗೆ ತುಸು ಹೆಚ್ಚು. ಬಿ ಬೆಲ್ಟಾದರೆ 2¾ ಕಳೆಯಿರಿ. ಬಿ 98 ಕೇಳಿ. ಶಾಲೆಗೆ ಹೋಗುವ ಮಕ್ಕಳಿಗೆ ಹೇಳಿದರೆ ಅವರೇ ಮಾಡಿಕೊಡುತ್ತಾರೆ.

ಹೊಸ ಬೆಲ್ಟು ಹಾಕುವ ಮೊದಲು ಪುಲ್ಲಿಯ ತೋಡಿನೊಳಗೆ ಬೆರಳಾಡಿಸಿ ನೋಡಿ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳ ಮುಟ್ಟುತ್ತಿದೆ ಎಂದರ್ಥ. ವಿ-ಬೆಲ್ಟಿನ ಹಿಡಿತ ಬದಿಗಳಲ್ಲಿ. ತಳ ಮುಟ್ಟಿದ ಬೆಲ್ಟು ಜಾರಿ ಸುಡುತ್ತದೆ. ಅಂಥ ಪುಲ್ಲಿಗೆ ಎಷ್ಟು ಬೆಲ್ಟು ಹಾಕಿದರೂ ವ್ಯರ್ಥ, ಪುಲ್ಲಿಯನ್ನೇ ಬದಲಿಸಬೇಕು.

ಲಿಸ್ಟರ್ ಎಂಜಿನ್ನಿನ ಚಪ್ಪಟೆ ಬೆಲ್ಟು

ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಲಿಸ್ಟರ್ ಕಂಪೆನಿ 1930ರ ಸುಮಾರಿಗೆ ತಯಾರಿಸತೊಡಗಿದ ನಿಧಾನಗತಿಯ ಎಂಜಿನ್ನೂ, ರಾಜಕೋಟೆಯಲ್ಲಿ ಅದೇ ಮಾದರಿಯಲ್ಲಿ ತಯಾರಾದವೂ ನಮ್ಮ ಕಡೆಯ ಎಷ್ಟೋ ಶೆಡ್ಡುಗಳಲ್ಲಿವೆ. ಅದರ 6 ಅಶ್ವಶಕ್ತಿಯ ಎಂಜಿನ್ನಿನ ವೇಗ ನಿಮಿಷಕ್ಕೆ 650 ಸುತ್ತು. ಕರೆಂಟು ಕೈಕೊಟ್ಟ ದಿನ ಈಗಲೂ ಕಾಪಾಡುವುದು ಇದೇ. ಇದರಿಂದ ಯಂತ್ರಕ್ಕೆ ಹೋಗುವುದು ಸಾಮಾನ್ಯವಾಗಿ ಚಪ್ಪಟೆ ಬೆಲ್ಟು.

ಚಪ್ಪಟೆ ಬೆಲ್ಟಿಗೆ ನಂಬರಿಲ್ಲ. ಅಗಲ, ಪದರು ಅಂದರೆ ಪ್ಲೈ, ಮತ್ತು ಉದ್ದ ಹೇಳಿ ಮೀಟರ್ ಲೆಕ್ಕದಲ್ಲಿ ಕೊಳ್ಳಬೇಕು. ಕಾಫಿ ಯಂತ್ರದ ಅಂಗಡಿಯಲ್ಲಿ ಸಿಗದಿದ್ದರೆ ನಿರಾಶರಾಗಬೇಡಿ. ಅಕ್ಕಿ ಗಿರಣಿಯ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಗಿರಣಿಗಳಿಗೆ ಇದು ನಿತ್ಯದ ಸಾಮಾನು. ಶಿವಮೊಗ್ಗ, ದಾವಣಗೆರೆಯಂತೆ ಭತ್ತದ ವ್ಯಾಪಾರವಿರುವ ಊರುಗಳಲ್ಲಿ ಹುಡುಕಿದರೆ ಸಿಕ್ಕುತ್ತದೆ.

ಅಗಲ ಗೊತ್ತಿಲ್ಲದಿದ್ದರೆ ಹಳಬರ ಕೈಲೆಕ್ಕವೊಂದಿದೆ: ಒಂದು ಪದರಿನ ಚರ್ಮದ ಬೆಲ್ಟು ನಿಮಿಷಕ್ಕೆ 800 ಅಡಿ ಓಡಿದರೆ ಒಂದು ಇಂಚು ಅಗಲಕ್ಕೆ ಒಂದು ಅಶ್ವಶಕ್ತಿ. 650 ಸುತ್ತಿನ ಎಂಜಿನ್ನಿಗೆ 10 ಇಂಚಿನ ಪುಲ್ಲಿ ಇದ್ದರೆ ಬೆಲ್ಟು ನಿಮಿಷಕ್ಕೆ ಸುಮಾರು 1700 ಅಡಿ ಓಡುತ್ತದೆ. ಆಗ 6 ಅಶ್ವಶಕ್ತಿಗೆ 3 ಇಂಚು ಅಗಲ ಸಾಕು. ಬೆಲ್ಟು ಪುಲ್ಲಿಯ ಮುಖಕ್ಕಿಂತ ತುಸು ಕಿರಿದಾಗಿರಲಿ.

ತುದಿಗಳನ್ನು ಬಡಗಿಯ ಮೂಲೆಮಟ್ಟ ಇಟ್ಟು ನೇರವಾಗಿ ಕತ್ತರಿಸಬೇಕು. ಓರೆಯಾದರೆ ಪ್ರತಿ ಸುತ್ತಿಗೂ ಬೆಲ್ಟು ಅತ್ತಿತ್ತ ಹೊಯ್ದಾಡುತ್ತದೆ. ಅಳತೆಗಿಂತ ನೂರಕ್ಕೆ ಒಂದು ಪಾಲು ಗಿಡ್ಡವಾಗಿ ಕತ್ತರಿಸಿದರೆ ಹಾಕಿದಾಗ ಬಿಗಿ ಬರುತ್ತದೆ. ಜೋಡಿಸಲು ಅಲಿಗೇಟರ್ ಎಂದು ಕರೆಯುವ ಉಕ್ಕಿನ ಹಲ್ಲಿನ ಕ್ಲಿಪ್ಪು ಸಿಕ್ಕುತ್ತದೆ. ಬೆಲ್ಟಿನ ದಪ್ಪಕ್ಕೆ ತಕ್ಕ ನಂಬರಿನ ಕ್ಲಿಪ್ಪನ್ನೇ ತನ್ನಿ. ತಂತಿ ಕಟ್ಟಿ ಓಡಿಸುವುದು ಅಪಾಯ. ತಂತಿಯ ತುದಿ ಎಂದಾದರೂ ಕೈ ಸೀಳುತ್ತದೆ. ಎಂಜಿನ್ನೂ ಯಂತ್ರವೂ ಒಂದೇ ಮಟ್ಟದಲ್ಲಿದ್ದರೆ ಎಳೆಯುವ ಬದಿ ಕೆಳಗೆ, ಸಡಿಲ ಬದಿ ಮೇಲೆ ಬರುವಂತಿರಲಿ. ಸಡಿಲ ಬದಿ ಜೋತು ಪುಲ್ಲಿಯನ್ನು ಹೆಚ್ಚು ತಬ್ಬುವುದರಿಂದ ಹಿಡಿತ ಹೆಚ್ಚುತ್ತದೆ.

ಎಂಜಿನ್ ತೆಗೆದು ಮೋಟಾರು ಕೂರಿಸುವಾಗ

ಇದರಲ್ಲಿ ಬಹುಮಂದಿ ಮೋಸಹೋಗಿದ್ದಾರೆ. 650 ಸುತ್ತಿನ ಎಂಜಿನ್ನಿನಲ್ಲಿ 8 ಇಂಚಿನ ಪುಲ್ಲಿ, ಪಲ್ಪರಿನಲ್ಲಿ 36 ಇಂಚಿನದು ಇದ್ದರೆ ಪಲ್ಪರು ನಿಮಿಷಕ್ಕೆ ಸುಮಾರು 144 ಸುತ್ತು ತಿರುಗುತ್ತದೆ. ಅದೇ ಪುಲ್ಲಿಯನ್ನು 1440 ಸುತ್ತಿನ ಮೋಟಾರಿಗೆ ಹಾಕಿದರೆ 320 ಸುತ್ತು! ಅತಿ ವೇಗದಲ್ಲಿ ಬೀಜ ಜಜ್ಜಿಹೋಗುತ್ತದೆ, ಸಿಪ್ಪೆಯ ಜೊತೆ ಬೀಜವೂ ಹೊರಬೀಳುತ್ತದೆ. ಗಾಯಗೊಂಡ ಬೀಜ ಕೊಳೆಸುವಾಗ ಕಪ್ಪಾಗಿ ದರ್ಜೆ ಇಳಿಸುತ್ತದೆ. ಮೊದಲಿನ 144 ಸುತ್ತೇ ಬೇಕಾದರೆ ಮೋಟಾರಿನ ಪುಲ್ಲಿ 3.6 ಇಂಚು ಆಗಬೇಕು. ಆದರೆ ಅಷ್ಟು ಸಣ್ಣ ಪುಲ್ಲಿಯ ಮೇಲೆ ಬಿ ಬೆಲ್ಟು ಬಾಳುವುದಿಲ್ಲ. ಎ ಬೆಲ್ಟಿಗೆ ಕನಿಷ್ಠ 3 ಇಂಚು, ಬಿಗೆ 5 ಇಂಚು, ಸಿಗೆ 8 ಇಂಚಿನ ಪುಲ್ಲಿ ಬೇಕು. ಆದ್ದರಿಂದ ಇಲ್ಲಿ ಎ ಬೆಲ್ಟುಗಳನ್ನು ಶಕ್ತಿಗೆ ತಕ್ಕಷ್ಟು ಹಾಕಬೇಕು, ಇಲ್ಲವೆ ನಡುವೆ ಇನ್ನೊಂದು ಶಾಫ್ಟು ಕೂರಿಸಿ ಎರಡು ಹಂತದಲ್ಲಿ ವೇಗ ಇಳಿಸಬೇಕು. ವರ್ಷಕ್ಕೆರಡು ಸಲ ಬೆಲ್ಟು ಹರಿಯುತ್ತಿದ್ದರೆ ಬೆಲ್ಟಿನ ಕಂಪೆನಿಯನ್ನು ಬಯ್ಯುವ ಮೊದಲು ಸಣ್ಣ ಪುಲ್ಲಿಯನ್ನು ಅಳೆದು ನೋಡಿ.

ಕೊಳ್ಳುವಾಗ, ಹಾಕುವಾಗ

ವಿ-ಬೆಲ್ಟಿಗೆ ಹೋಗಬೇಕಾದದ್ದು ಬೇರಿಂಗ್ ಮಾರುವ ಅಂಗಡಿಗೆ. ಜಿಲ್ಲಾ ಕೇಂದ್ರಗಳಲ್ಲಿ ಅಂಥ ಅಂಗಡಿಗಳಿವೆ. ಡಿಯಂಥ ಭಾರಿ ಬೆಲ್ಟಿಗೆ ಕ್ರಷರ್ ಸಾಮಾನಿನವರನ್ನೂ ವಿಚಾರಿಸಬಹುದು. ಅಲ್ಲೂ ಇಲ್ಲದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸು. ಈಗ ಫೋನಿನಲ್ಲಿ ಚಿತ್ರ ಕಳುಹಿಸಿ ವಿಚಾರಿಸುವ ಅನುಕೂಲವಿದೆ, ಆದರೆ ಚಿತ್ರದಲ್ಲಿ ಅಳತೆ ಕಾಣುವುದಿಲ್ಲ. ಪಕ್ಕದಲ್ಲಿ ಟೇಪು ಹಿಡಿದು ತೆಗೆಯಿರಿ. ಪೇಟೆಗೆ ಹೋಗುವಾಗ ಹಳೆಯ ತುಂಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಅಂಗಡಿಯಲ್ಲಿ ಬೆಲ್ಟನ್ನು ಬಾಗಿಸಿ ಒಳಮೈ ನೋಡಿ. ಬಿರುಕು ಕಂಡರೆ, ಮುಟ್ಟಿದರೆ ಕಟ್ಟಿಗೆಯಂತಿದ್ದರೆ, ಅದು ವರ್ಷಗಟ್ಟಲೆ ಬಿಸಿಲಲ್ಲಿ ತೂಗಿದ ಮಾಲು. ಬೇಡವೆನ್ನಿ.

ಜೋಡಿಯಲ್ಲಿ ಒಂದು ಹರಿದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು, ಒಂದೇ ಕಂಪೆನಿಯದನ್ನು ಹಾಕಬೇಕು. ಹಳೆಯದು ಹಿಗ್ಗಿರುತ್ತದೆ, ಹೊಸದು ಹಿಗ್ಗಿರುವುದಿಲ್ಲ. ಸರಿ ನಂಬರಿನ ಒಂದೇ ಹೊಸ ಬೆಲ್ಟು ಹಾಕಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಅದೇ ಮೊದಲು ಹರಿಯುತ್ತದೆ. ಉಳಿದ ಹಳೆಯ ಬೆಲ್ಟನ್ನು ಎಸೆಯದೆ ಆಪತ್ಕಾಲಕ್ಕೆ ಇಟ್ಟುಕೊಳ್ಳಿ.

ಹಾರೆಯಿಂದ ಮೀಟಿ ಬೆಲ್ಟು ಏರಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗೆ ಮಾಡಿದರೆ ಒಳಗಿನ ದಾರ ಕಡಿದು, ಹೊಸ ಬೆಲ್ಟು ವಾರದಲ್ಲಿ ಹೋಗುತ್ತದೆ. ಮೋಟಾರಿನ ಬೋಲ್ಟು ಸಡಿಲಿಸಿ ಮುಂದಕ್ಕೆ ತಂದು, ಬೆಲ್ಟು ಕೈಯಲ್ಲೇ ಕೂರಿಸಿ, ಆಮೇಲೆ ಹಿಂದಕ್ಕೆ ಎಳೆಯಿರಿ. ಎರಡು ಪುಲ್ಲಿಗಳ ಮುಖಕ್ಕೆ ದಾರ ಹಿಡಿದರೆ ಅದು ನಾಲ್ಕು ಕಡೆಯೂ ಮುಟ್ಟಬೇಕು.

ಬಿಗಿ ನೋಡುವುದು ಹೀಗೆ: ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಒತ್ತಿದಾಗ ಒಂದು ಮೀಟರಿಗೆ 16 ಮಿ.ಮೀ., ಅಂದರೆ 30 ಇಂಚಿಗೆ ಸುಮಾರು ಅರ್ಧ ಇಂಚು ತಗ್ಗಬೇಕು. ಬಿ ಬೆಲ್ಟಿಗೆ ಇದಕ್ಕೆ ಎರಡರಿಂದ ಮೂರು ಕಿಲೋ ಬಲ ಸಾಕು; ಮನೆಯ ಸಣ್ಣ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಬಹುದು. ಅದಕ್ಕಿಂತ ಬಿಗಿದರೆ ಬೇರಿಂಗ್ ಹೋಗುತ್ತದೆ. ಹೊಸ ಬೆಲ್ಟು ಒಂದೆರಡು ದಿನದಲ್ಲಿ ಸ್ವಲ್ಪ ಸಡಿಲವಾಗುವುದು ಸಹಜ, ಮತ್ತೊಮ್ಮೆ ಬಿಗಿಯಿರಿ.

ಜಾರುವ ಬೆಲ್ಟಿಗೆ ರಾಳದ ಪುಡಿ ಹಾಕುವವರಿದ್ದಾರೆ. ಅದರಿಂದ ಒಂದು ಗಂಟೆ ಕೆಲಸವಾಗುತ್ತದೆ, ಆಮೇಲೆ ಧೂಳು ಸೇರಿ ಬೆಲ್ಟು ಗಾಜಿನಂತಾಗುತ್ತದೆ. ಹರಳೆಣ್ಣೆ ಚರ್ಮದ ಬೆಲ್ಟಿಗೆ ಮಾತ್ರ. ರಬ್ಬರಿನದಕ್ಕೆ ಎಣ್ಣೆ, ಡೀಸೆಲ್, ಸೀಮೆಎಣ್ಣೆ ಯಾವುದೂ ತಾಗಬಾರದು. ಸುಲಿಯುವ ಯಂತ್ರದ ಬೆಲ್ಟಿಗೆ ಅಡಿಕೆಯ ರಸ ಅಂಟಿದ್ದರೆ ಯಂತ್ರ ನಿಲ್ಲಿಸಿ, ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಓಡುವ ಬೆಲ್ಟನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಮುಟ್ಟಬಾರದು. ಸೀರೆಯ ಸೆರಗು, ಪಂಚೆಯ ತುದಿ, ಕಂಬಳಿಯ ಮೂಲೆ, ಯಾವುದನ್ನು ಹಿಡಿದರೂ ಬೆಲ್ಟು ಬಿಡುವುದಿಲ್ಲ. ಹಳೆಯ ಯಂತ್ರಗಳಿಗೆ ಮರೆ ಇರುವುದಿಲ್ಲ. ನಾಲ್ಕು ಕೋಲು ಹುಗಿದು ತಂತಿ ಬಲೆ ಹೊಡೆದರೂ ಆಯಿತು. ಬೆಲ್ಟು ಬದಲಿಸುವಾಗ ಮೋಟಾರಿನ ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಮಾಡಬೇಕಾದ ಕೆಲಸ

ಬೆಲ್ಟು ಹುಡುಕಬೇಕಾದ ಕಾಲ ಜನವರಿಯಲ್ಲ, ಯಂತ್ರ ಸುಮ್ಮನಿರುವ ಮಳೆಗಾಲ. ಕೊಯ್ಲು ಮುಗಿದ ಮೇಲೆ ಮೋಟಾರನ್ನು ಸಡಿಲಿಸಿ ಬೆಲ್ಟಿನ ಬಿಗಿ ತೆಗೆಯಿರಿ. ನಂಬರು ಅಳಿಸುವ ಮೊದಲೇ ಅದನ್ನು ಯಂತ್ರದ ಮೈಮೇಲೆ ಬಣ್ಣದಲ್ಲಿ ಬರೆಯಿರಿ: “ಬಿ 75, ಎರಡು” ಎಂದರೆ ಸಾಕು. ನೀವು ಮನೆಯಲ್ಲಿಲ್ಲದ ದಿನವೂ ಯಾರಾದರೂ ಓದಿ ತರಬಹುದು.

ಒಂದು ಹೆಚ್ಚಿನ ಜೋಡಿಯನ್ನು ಮನೆಯಲ್ಲಿಡಿ. ಮೊಳೆಗೆ ತೂಗುಹಾಕಿದರೆ ಒಂದೇ ಕಡೆ ಮುರಿಯುತ್ತದೆ. ಅಗಲವಾದ ಮರದ ಗೂಟಕ್ಕೆ ಹಾಕಿ, ಅಥವಾ ಸುತ್ತಿ ತಗಡಿನ ಡಬ್ಬದಲ್ಲಿಡಿ. ಬಿಸಿಲು, ಒಲೆಯ ಶಾಖ, ಗೊಬ್ಬರ ಔಷಧಿಗಳ ಹತ್ತಿರ ಬೇಡ. ಇಲಿಗೂ ಬೆಲ್ಟು ರುಚಿಸುತ್ತದೆ ಎಂಬುದನ್ನು ಮರೆಯಬೇಡಿ. ಅಗ್ಗವೆಂದು ಹತ್ತು ವರ್ಷಕ್ಕಾಗುವಷ್ಟು ತಂದು ತುಂಬುವುದೂ ಸರಿಯಲ್ಲ, ರಬ್ಬರು ಸುಮ್ಮನಿದ್ದರೂ ಮುದಿಯಾಗುತ್ತದೆ.

ಕೊನೆಯದಾಗಿ ಒಂದು ಸಲಹೆ. ಒಂದು ಊರಿನಲ್ಲಿ ಹತ್ತು ಪಲ್ಪರುಗಳಿದ್ದರೆ ಅವಕ್ಕೆ ಬೇಕಾಗುವ ಬೆಲ್ಟು ನಾಲ್ಕೈದು ನಂಬರುಗಳಲ್ಲೇ ಮುಗಿಯಬಹುದು. ಪ್ರತಿ ಮನೆಯವರೂ ಪ್ರತಿಯೊಂದನ್ನೂ ಇಟ್ಟುಕೊಳ್ಳುವ ಬದಲು, ಸದಸ್ಯರು ತಮ್ಮ ಯಂತ್ರ, ಬೆಲ್ಟಿನ ಗುರುತು, ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಮಳಿಗೆಗೆ ಕೊಟ್ಟರೆ ಎಲ್ಲರಿಗೂ ಬರುವ ನಂಬರುಗಳು ಯಾವುವೆಂದು ಗೊತ್ತಾಗುತ್ತದೆ. ಅವನ್ನು ಕೊಯ್ಲಿಗೆ ಮುಂಚೆ ಒಟ್ಟಿಗೆ ತರಿಸಿ ಮಳಿಗೆಯಲ್ಲಿಡಬಹುದು. ಒಬ್ಬರ ಬೆಲ್ಟು ಹರಿದ ದಿನ ಪೇಟೆಯ ಬಸ್ಸಿಗೆ ಕಾಯಬೇಕಾಗಿಲ್ಲ. ಕಣದಲ್ಲಿ ಹಣ್ಣು ರಾಶಿ ಬಿದ್ದಿರುವಾಗ ಅರ್ಧ ದಿನ ಉಳಿಯುವುದೆಂದರೆ ಸಣ್ಣ ಲಾಭವಲ್ಲ.

ಈ ವಾರವೇ, ಮಳೆ ಬಿಟ್ಟ ಒಂದು ಮಧ್ಯಾಹ್ನ, ಟೇಪನ್ನೂ ಬಣ್ಣದ ಡಬ್ಬವನ್ನೂ ಹಿಡಿದು ಶೆಡ್ಡಿಗೆ ಹೋಗಿಬನ್ನಿ ಎಂದು ನಮ್ಮ ವಿನಂತಿ.